ಹತ್ತು ಸೆಕೆಂಡಿನ ಡಬ್ಬಿ

ಸೋಲ್ಡರ್ ಹೊಗೆಯ ವಾಸನೆ ಇನ್ನೂ ಹೋಗಿಲ್ಲ, ಎರಡೂ ಕಿಟಕಿ ತೆರೆದಿಟ್ಟರೂ ಹೋಗಿಲ್ಲ, ಕಲಿಯಲು ಬಂದವರೆಲ್ಲ ಎದ್ದು ಹೋದರು, ವಾಸನೆ ಮಾತ್ರ ಬೇಡದ ನೆಂಟನ ಹಾಗೆ ಕೂತಿದೆ — ಮೇಜಿನ ಮೇಲೆ ವೈರಿನ ಚೂರುಗಳು, ಯಾರೋ ಮರೆತ ಕನ್ನಡಕದ ಕೇಸು, ಹೊಟ್ಟೆ ಬಿಚ್ಚಿಸಿಕೊಂಡು ಮಲಗಿದ ಒಂದು ಬೊಗಳುವ ಗೊಂಬೆ ನಾಯಿ, ಅದರ ಪಕ್ಕ ಅತ್ತಿಗೆಯ ಹಸಿರು ಸೋಪಿನ ಡಬ್ಬಿ. ಡಬ್ಬಿಯ ಕಡೆ ನೋಡಬಾರದೆಂದು ಅವಳು ವೈರಿನ ಚೂರು ಆರಿಸುತ್ತಾಳೆ, ಕೆಂಪು ಒಂದು ಕಡೆ, ಕಪ್ಪು ಒಂದು ಕಡೆ, ಯಾವ ಘನಕಾರ್ಯಕ್ಕೋ, ಎಲ್ಲವೂ ಕೊನೆಗೆ ಒಂದೇ ಬುಟ್ಟಿಗೆ ಬೀಳುವಂಥವು. ಗಂಟೆ ಐದೂಕಾಲು. ಆರಕ್ಕೆ ಅಣ್ಣ ಬರುತ್ತಾನೆ. ಬೆಳಿಗ್ಗೆ ಇದೇ ಬಾಗಿಲಲ್ಲಿ ಖಾಕಿ ಅಂಗಿಯಲ್ಲಿ ನಿಂತು, ಒಳಗೂ ಬರದೆ, ಡ್ಯೂಟಿಗೆ ಹೊತ್ತಾಯ್ತು ಪುಟ್ಟಿ, ಇದು ಒಂದೊಂದ್ಸಲ ಮಾತಾಡಲ್ಲ, ವೈರು ಎಲ್ಲೋ ಸಡಿಲ ಆಗಿದೆ ಅನ್ಸುತ್ತೆ, ಬಸ್ಸು ಡಿಪೋಲಿ ಬಿಟ್ಟು ನೇರ ಇಲ್ಲಿಗೇ ಬರ್ತೀನಿ, ಸ್ವಲ್ಪ ನೋಡಿಡು ಎಂದು — ಐವತ್ತೆರಡರ ಹೆಂಗಸನ್ನು ಪುಟ್ಟಿ ಎಂದು ಕರೆಯಲು ಈ ಭೂಮಿಯ ಮೇಲೆ ಉಳಿದಿರುವುದು ಅವನೊಬ್ಬನೇ — ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ, ಕೊಡುವ ಮೊದಲು ಒಮ್ಮೆ ಗುಂಡಿ ಒತ್ತಿದ, ಆ ಹೆಬ್ಬೆರಳು, ಬಸ್ಸಿನ ಬಾಗಿಲಿಗೆ ಸಿಕ್ಕಿ ಉಗುರಿನ ಅಂಚು ಕಪ್ಪಾಗಿರುವ ಹೆಬ್ಬೆರಳು, ಒತ್ತಿದಾಗ ಉಗುರು ಬೆಳ್ಳಗಾಯಿತು, ಒಳಗಿಂದ ಅತ್ತಿಗೆ ಮಾತಾಡಿದರು. ರೀ, ಗ್ಯಾಸ್ ನೋಡಿದ್ರಾ? ಹೂಂ ಅಂತೀರ, ನೋಡಿರಲ್ಲ, ಹೋಗಿ ನೋಡಿ. ಬೀಗದ ಕೈ ಎಲ್ಲಿ? ಅಷ್ಟೇ, ಆಮೇಲೆ ಗಂಟಲು ಸರಿಮಾಡಿಕೊಂಡ ಸಣ್ಣ ಸದ್ದು, ಹತ್ತು ಸೆಕೆಂಡು. ಅತ್ತಿಗೆ ಹೋಗಿ ಹನ್ನೊಂದು ತಿಂಗಳಾಯಿತು, ಅವರ ದನಿ ಎಂದು ಉಳಿದಿದ್ದು ಇಷ್ಟೇ, ಈಗ ಅದೂ ಇಲ್ಲ, ಮಧ್ಯಾಹ್ನ ಹನ್ನೆರಡೂವರೆಗೆ, ಹನ್ನೆರಡು ಜನರ ಎದುರು, ಅವಳೇ ಅಳಿಸಿ ಹಾಕಿದ್ದಾಳೆ.

ಅಳಿಸಿ ಹಾಕಲು ಎಷ್ಟು ಹೊತ್ತು ಬೇಕಾಯಿತು, ಹತ್ತು ಸೆಕೆಂಡೇ, ತುಂಬಲು ಎಷ್ಟು ಬೇಕೋ ಅಷ್ಟೇ. ಪ್ರತಿ ಶನಿವಾರ ಗ್ರಂಥಾಲಯದ ಮಹಡಿಯ ಈ ಕೋಣೆಯಲ್ಲಿ ಅವಳು ಕಲಿಸುವುದೂ ಅದನ್ನೇ ಅಲ್ಲವೇ, ಕೆಟ್ಟ ರೇಡಿಯೊ, ಮಾತಾಡುವ ಗೊಂಬೆ, ಮಕ್ಕಳ ಪಿಯಾನೊ ತನ್ನಿ, ಬಿಚ್ಚೋಣ, ಬೆರಳಿಗೆ ಎಂಜಲು ಹಚ್ಚಿ ಒಳಗೆ ವೈರು ಬೆಸೆದ ಎರಡು ಸೋಲ್ಡರ್ ಚುಕ್ಕೆ ಸೇರಿಸಿ, ಯಾರೂ ಕೇಳದ ಸದ್ದು ಬರುತ್ತೆ, ಕಂಪನಿಯವನು ಬಚ್ಚಿಟ್ಟ ಸದ್ದು, ನಿಮ್ಮದೇ ಸದ್ದು, ಹೆದರಬೇಡಿ, ಏನೂ ಹಾಳಾಗಲ್ಲ — ಎಷ್ಟು ವರ್ಷ ಹೇಳಿದ್ದಾಳೆ, ಏನೂ ಹಾಳಾಗಲ್ಲ, ಏನೂ ಹಾಳಾಗಲ್ಲ, ಎಲ್ಲಿಂದ ಬಂತೋ ಆ ಧೈರ್ಯ, ಬೇರೆಯವರ ಸಾಮಾನಿನ ಮೇಲೆ ಬರುವ ಧೈರ್ಯ. ಗೋಡೆಯ ಬೋರ್ಡಿನ ಮೇಲೆ ಕೆಂಪು ಅಕ್ಷರದಲ್ಲಿ ಮೊದಲ ನಿಯಮ ಬರೆದವಳೂ ಅವಳೇ, ಬಿಚ್ಚುವ ಮುಂಚೆ ಅದರ ದನಿಯನ್ನು ಫೋನಿಗೆ ತುಂಬಿಕೊಳ್ಳಿ. ಹೊಸಬರು ಮರೆತರೆ ಎಷ್ಟು ಗದರುತ್ತಾಳೆ, ಆ ನಿವೃತ್ತ ಪೋಸ್ಟ್‌ಮ್ಯಾನ್ ಅಂತೂ ಹೆದರಿ ಬರಿಯ ಟಾರ್ಚು ಬಿಚ್ಚುವ ಮೊದಲೂ ಫೋನು ಹಿಡಿಯುತ್ತಾರೆ. ಇವತ್ತು ಫೋನು ಅವಳ ಚೀಲದಲ್ಲಿತ್ತು, ಚೀಲ ಕುರ್ಚಿಯ ಮೇಲೆ, ಕುರ್ಚಿ ನಾಲ್ಕು ಹೆಜ್ಜೆ ದೂರ. ನಾಲ್ಕು ಹೆಜ್ಜೆ. ಸಡಿಲ ವೈರಿಗೆ ಒಂದು ಚುಕ್ಕೆ ಸೋಲ್ಡರ್ ಇಟ್ಟು ಮುಚ್ಚಿಡಬೇಕಿತ್ತು, ಇಟ್ಟಳು ಕೂಡ, ಕೆಲಸ ಅಲ್ಲಿಗೇ ಮುಗಿದಿತ್ತು, ಅಲ್ಲಿಗೇ ನಿಲ್ಲಿಸಿದ್ದರೆ ಅವಳ ಗಂಟು ಏನು ಹೋಗುತ್ತಿತ್ತು. ಆಗ ಕಲಿಯಲು ಬಂದಿದ್ದ ಒಬ್ಬ ನರ್ಸು ಕೇಳಿದಳು, ಮೇಡಂ, ಇದರಲ್ಲೂ ಬೇರೆ ಸದ್ದು ಬರುತ್ತಾ? ಹನ್ನೆರಡು ತಲೆಗಳು ಬಗ್ಗಿದವು. ಅವಳು ಉಬ್ಬಿದಳು, ಸುಳ್ಳೇಕೆ, ಯಾರಾದರೂ ಹೀಗೆ ಕೇಳಿದರೆ ಅವಳಿಗೆ ನೆಲದ ಮೇಲೆ ಕಾಲೇ ನಿಲ್ಲುವುದಿಲ್ಲ, ಬರದೆ ಏನು, ನೋಡಿ ನೋಡಿ ಎಂದು ಬೆರಳನ್ನು ನಾಲಿಗೆಗೆ ಮುಟ್ಟಿಸಿ ಎರಡು ಚುಕ್ಕೆಯ ಮೇಲೆ ಇಟ್ಟಳು. ಅತ್ತಿಗೆಯ ದನಿ ಕೀಚಲಾಯಿತು. ರೀ ಗ್ಯಾಸ್ ನೋಡಿದ್ರಾ, ಇಲಿಮರಿಯ ದನಿಯಲ್ಲಿ, ಹೋಗಿ ನೋಡಿ, ಎಲ್ಲರೂ ಬಿದ್ದು ಬಿದ್ದು ನಕ್ಕರು, ಪೋಸ್ಟ್‌ಮ್ಯಾನ್ ಕಣ್ಣೊರೆಸಿಕೊಂಡರು, ಅವರಿಗೇನು ಗೊತ್ತು ಅದು ಯಾರ ದನಿ ಎಂದು, ಗೊತ್ತಿದ್ದವಳು ಒಬ್ಬಳೇ, ಅವಳೇ ಎಲ್ಲರಿಗಿಂತ ಜೋರಾಗಿ ನಕ್ಕಳು. ನಗುತ್ತಾ ನಗುತ್ತಾ ಬೆರಳು ಜಾರಿ ಪಕ್ಕದಲ್ಲಿ ತೆರೆದೇ ಬಿಟ್ಟಿದ್ದ ಚುಕ್ಕೆಗೆ ತಾಗಿತು. ಸಣ್ಣ ಕೆಂಪು ದೀಪ ಹತ್ತಿತು. ಹೊಸದಾಗಿ ತುಂಬಿಕೊಳ್ಳುವಾಗ ಮಾತ್ರ ಹತ್ತುವ ದೀಪ. ಅದನ್ನು ಅವಳು ನೋಡಿದಳು, ನೋಡಿಯೂ ನಗು ನಿಲ್ಲಲು ಎಷ್ಟು ಹೊತ್ತು ಹಿಡಿಯಿತು, ನಿಂತಾಗ ಡಬ್ಬಿ ತನ್ನ ಹತ್ತು ಸೆಕೆಂಡನ್ನು ಆ ನಗುವಿನಿಂದಲೇ ತುಂಬಿಕೊಂಡಾಗಿತ್ತು.

ಆ ಚುಕ್ಕೆ ಹಾಗೆ ತೆರೆದುಕೊಂಡು ಇರಲೇಬಾರದಿತ್ತು. ಅದು ಅತ್ತಿಗೆಯ ತಪ್ಪು ಎನ್ನಬಹುದೇ, ಛೆ, ಬಾಯಿಗೆ ಹುಳ ಬೀಳಲಿ. ಡಬ್ಬಿ ಮಾಡಿದ್ದು ಅತ್ತಿಗೆಯೇ, ಇದೇ ಕೋಣೆಯಲ್ಲಿ, ಇದೇ ಮೇಜಿನ ಆ ತುದಿಯ ಸ್ಟೂಲಿನ ಮೇಲೆ ಕೂತು, ಎರಡು ವರ್ಷದ ಹಿಂದೆ ಒಂದೇ ಒಂದು ಶನಿವಾರ ಬಂದಿದ್ದರು. ಅದಕ್ಕೂ ಮೊದಲು ಮೂಗು ಮುರಿಯುತ್ತಿದ್ದವರು, ಇದೇನು ನಿಂದು, ಇಷ್ಟು ವಯಸ್ಸಾದ್ಮೇಲೂ ಮಕ್ಕಳಾಟ, ಒಳ್ಳೆ ಟೀವಿ ರಿಪೇರಿ ಕೆಲಸ ಬಿಟ್ಟು. ಅವತ್ತು ಏನನ್ನಿಸಿತೋ, ನಂಗೂ ಒಂದು ಹೇಳ್ಕೊಡು, ಈ ನಿಮ್ಮಣ್ಣ ಗ್ಯಾಸ್ ಆರಿಸ್ದೆ ಹೋಗ್ತಾರೆ, ನಾನು ಊರಲ್ಲಿ ಇಲ್ದಾಗ ಇವರಿಗೆ ಹೇಳೋಕೆ ಏನಾದ್ರೂ ಬೇಕು. ಹೊಸ ಸೋಪಿನ ಡಬ್ಬಿ ಮನೆಯಿಂದಲೇ ತಂದಿದ್ದರು, ಹತ್ತು ಸೆಕೆಂಡು ದನಿ ಹಿಡಿದಿಡುವ ಚಿಪ್ ಅವಳು ಕೊಟ್ಟಳು. ಸೋಲ್ಡರ್ ಮುದ್ದೆ ಮುದ್ದೆ ಬೀಳುತ್ತಿತ್ತು, ಆದರೂ ಬಿಡದೆ ಮೂರು ಗಂಟೆ ಕೂತು ಮುಗಿಸಿದರು, ಮುಗಿಸಿ ಅವಳ ಕಡೆ ತಿರುಗಿ ಹಿಡಿದರು, ಮುಖದಲ್ಲಿ ಏನೋ ಇತ್ತು, ಮೊದಲ ಸಲ ಸೈಕಲ್ ಬಿಟ್ಟವರ ಮುಖದಲ್ಲಿ ಇರುವಂಥದ್ದು. ಆಗ ಅವಳು ಎಲ್ಲರ ಎದುರು — ಏನತ್ತಿಗೆ, ಇದು ಸೋಲ್ಡರಾ, ಪಾರಿವಾಳದ ಹಿಕ್ಕೆನಾ? ಅವತ್ತೂ ಎಲ್ಲರೂ ನಕ್ಕಿದ್ದರು. ಅವತ್ತೂ ಅವಳೇ ಜೋರು. ಅತ್ತಿಗೆಯೂ ನಕ್ಕರು, ನಕ್ಕು ಡಬ್ಬಿಯ ಮುಚ್ಚಳ ಹಾಕಲು ಹೋಗಿ, ಈ ಒಂದು ಚುಕ್ಕೆ ತೆರೆದೇ ಇದ್ಯಲ್ಲ, ಇದನ್ನ ಏನ್ಮಾಡ್ಲಿ ಎಂದರು, ಅವಳು ಗಡಿಯಾರ ನೋಡಿ, ಅದು ದನಿ ತುಂಬೋ ಚುಕ್ಕೆ, ತುಂಬಿದ ಮೇಲೆ ಅದರ ವೈರು ಕತ್ತರಿಸಿ ಹಾಕ್ಬೇಕು, ಮುಂದಿನ ವಾರ ಬನ್ನಿ, ಮಾಡಿಕೊಡ್ತೀನಿ. ಮುಂದಿನ ವಾರ ಅತ್ತಿಗೆ ಬರಲಿಲ್ಲ. ಯಾಕೆ ಬರಲಿಲ್ಲ ಎಂದು ಅವಳು ಕೇಳಲೂ ಇಲ್ಲ, ಈ ಕೋಣೆಯಿಂದ ಎರಡು ಬೀದಿ ಆಚೆಯ ಮನೆ, ಕೇಳಬಹುದಿತ್ತು, ಒಂದು ಕಟಿಂಗ್ ಪ್ಲೇಯರ್ ಜೇಬಿಗೆ ಹಾಕಿಕೊಂಡು ಹೋಗಿ ಕತ್ತರಿಸಿ ಬರಬಹುದಿತ್ತು, ಅರ್ಧ ನಿಮಿಷದ ಕೆಲಸ.

ಐದೂ ಮುಕ್ಕಾಲು. ಫೋನು ಸದ್ದು ಮಾಡುತ್ತದೆ, ಅಣ್ಣನಲ್ಲ, ನರ್ಸು. ಬಂದವರಿಗೆಲ್ಲ ಅವಳೇ ಮೆಸೇಜು ಹಾಕಿ ಕೇಳಿದ್ದಳಲ್ಲ, ಯಾರಾದರೂ ವಿಡಿಯೊ ತೆಗೆದಿದ್ದೀರಾ, ಶುರುವಿನಿಂದ, ನಿಜವಾದ ದನಿ ಇರುವಾಗಿನಿಂದ — ನರ್ಸು ಕಳಿಸಿದ್ದಾಳೆ, ವಿಡಿಯೊ ಅಲ್ಲ ಮೇಡಂ, ಫೋಟೊ ಇದೆ, ಚೆನ್ನಾಗಿ ಬಂದಿದೆ. ನಿಜ, ಚೆನ್ನಾಗಿಯೇ ಬಂದಿದೆ, ಡಬ್ಬಿಯೊಳಗೆ ಅವಳ ಬೆರಳು, ಎಂಜಲಿನ ಹೊಳಪು ಕೂಡ ಕಾಣುತ್ತದೆ, ಸುತ್ತ ಹಲ್ಲುಗಳೇ ಹಲ್ಲುಗಳು. ಅವಳು ಫೋನನ್ನು ಕವುಚಿ ಹಾಕುತ್ತಾಳೆ. ಏನು ಹೇಳುವುದು. ಅತ್ತಿಗೆಯ ದನಿ ಅನುಕರಿಸಬಹುದೇ, ಮಧ್ಯಾಹ್ನ ಎಲ್ಲರೂ ಹೋದ ಮೇಲೆ ಖಾಲಿ ಕೋಣೆಯಲ್ಲಿ ಪ್ರಯತ್ನಿಸಿಯೂ ನೋಡಿದ್ದಳು, ರೀ, ಗ್ಯಾಸ್, ತನಗೇ ಹೇಸಿಗೆಯಾಗಿ ಅಲ್ಲಿಗೇ ನಿಲ್ಲಿಸಿದಳು. ಚಿಪ್ ಸುಟ್ಟುಹೋಗಿತ್ತು ಅಣ್ಣಾ, ನಾನು ಮುಟ್ಟೋ ಮೊದಲೇ ಹೋಗಿತ್ತು ಎನ್ನಬಹುದು. ಅವನು ನಂಬುತ್ತಾನೆ, ವೈರಿನ ವಿಷಯದಲ್ಲಿ ಅವಳು ಹೇಳಿದ್ದೇ ಅವನಿಗೆ ವೇದವಾಕ್ಯ. ಸ್ಪೀಕರಿಗೆ ಹೋಗುವ ಈ ಕೆಂಪು ವೈರು ಕತ್ತರಿಸಿದರೆ ಸಾಕು, ಡಬ್ಬಿ ಮೂಕವಾಗುತ್ತದೆ, ಅವನು ಆ ನಗುವನ್ನಾದರೂ ಕೇಳಬೇಕಾಗುವುದಿಲ್ಲ, ಅವನಿಗೋಸ್ಕರವೇ ಅಲ್ಲವೇ, ಅವನಿಗೋಸ್ಕರ, ಅಬ್ಬಾ ಎಷ್ಟು ಕರುಣೆ. ಅಪ್ಪನ ಅಲಾರಂ ಗಡಿಯಾರವನ್ನು ಅವಳು ಬಿಚ್ಚಿ ಹಾಕಿದ ದಿನ ಏಳು ವರ್ಷದವಳು, ಸ್ಪ್ರಿಂಗು ಹಾರಿ ಮಂಚದ ಕೆಳಗೆ, ಅಪ್ಪ ಬೆಲ್ಟು ಬಿಚ್ಚುತ್ತಾ ಯಾರು ಎಂದಾಗ ನಾನೇ ಎಂದವನು ಅಣ್ಣ. ಅವನ ಬೆನ್ನು ಬಾವು ಬಂದಿತ್ತು. ಆಮೇಲೆ ಅವಳಿಗೆ ಹೇಳಿದ್ದು ಒಂದೇ ಮಾತು, ಮುಂದಿನ್ಸಲ ಬಿಚ್ಚಿದ್ರೆ ವಾಪಸ್ ಜೋಡ್ಸೋದು ಕಲ್ತ್ಕೋ. ಅದನ್ನು ಕಲಿತೇ ಅವಳು ಹೊಟ್ಟೆ ಹೊರೆದದ್ದು. ಹೋದ ತಿಂಗಳು ಅವನ ಮನೆಯಲ್ಲಿ ಎರಡು ದಿನ ಇದ್ದಾಗ ನೋಡಿದಳಲ್ಲ, ಬೆಳಿಗ್ಗೆ ಐದಕ್ಕೆ ಫ್ರಿಜ್ಜಿನ ಮುಂದೆ ನಿಂತಿದ್ದ, ಡಬ್ಬಿ ಫ್ರಿಜ್ಜಿನ ಮೇಲೆ, ಹೆಬ್ಬೆರಳು ಗುಂಡಿಯ ಮೇಲೆ, ಒತ್ತಿದ, ತಲೆ ತುಸು ಓರೆ ಮಾಡಿ ಪೂರ್ತಿ ಕೇಳಿದ, ಹೂಂ ಎಂದ, ಹೋಗಿ ಗ್ಯಾಸಿನ ಗುಂಡಿ ತಿರುಗಿಸಿ ನೋಡಿದ, ಜೇಬು ಮುಟ್ಟಿ ಬೀಗದ ಕೈ ನೋಡಿಕೊಂಡ. ಒಲೆ ಹಚ್ಚಿಯೇ ಇರಲಿಲ್ಲ ಅವತ್ತು. ಆಕೆ ಬದುಕಿದ್ದಾಗ ಒಂದು ದಿನವೂ ನೋಡದವನು. ಅವಳ ಕೈಯಲ್ಲಿ ಕಟಿಂಗ್ ಪ್ಲೇಯರ್ ಇದೆ, ಯಾವಾಗ ಎತ್ತಿಕೊಂಡಳೋ, ಅದರ ಬಾಯಿ ಕೆಂಪು ವೈರಿನ ಎರಡೂ ಕಡೆ ಇದೆ, ಕತ್ತರಿಸಬಾರದು ಎಂದು ಅವಳು ತೀರ್ಮಾನಿಸಿದಳು ಎನ್ನುವಂತಿಲ್ಲ, ಅಷ್ಟು ಒಳ್ಳೆಯವಳಲ್ಲ, ಕತ್ತರಿಸುವಷ್ಟರಲ್ಲಿ ಮೆಟ್ಟಿಲ ಮೇಲೆ ಬೂಟಿನ ಸದ್ದು.

ಆಯ್ತಾ ಪುಟ್ಟಿ? ಬೆವರು, ಡೀಸೆಲ್ ವಾಸನೆ, ಅತ್ತಿಗೆ ಕೂತಿದ್ದ ಸ್ಟೂಲನ್ನೇ ಎಳೆದುಕೊಂಡು ಕೂತ, ಅವನಿಗೆ ಗೊತ್ತಿಲ್ಲ ಅದು ಯಾವ ಸ್ಟೂಲು ಎಂದು. ಆಯ್ತು, ಅಂದರೆ ವೈರು ಆಯ್ತು, ಅಣ್ಣಾ ಒಂದ್ನಿಮಿಷ ಇರು, ಏನೋ ಹೇಳ್ಬೇಕು — ಹೇಳು ಎಂದ, ಎನ್ನುತ್ತಲೇ ಡಬ್ಬಿ ಎತ್ತಿಕೊಂಡ, ಬಾಯಾರಿದವನು ನೀರಿಗೆ ಕೈ ಹಾಕಿದ ಹಾಗೆ, ಹೆಬ್ಬೆರಳು ತಾನಾಗಿಯೇ ಹೋಯಿತು. ಕೋಣೆ ತುಂಬ ನಗು. ಹನ್ನೆರಡು ಜನರ ನಗು, ಎಲ್ಲಕ್ಕಿಂತ ಮೇಲೆ ಅವಳದು, ಕೊನೆಯಲ್ಲಿ ಅವಳದೇ ದನಿ, ಅಯ್ಯೋ ಎನ್ನುವುದು ಅರ್ಧಕ್ಕೆ ಕಡಿದು. ಎಷ್ಟು ಸ್ಪಷ್ಟ, ಎಷ್ಟು ಚೆನ್ನಾಗಿ ರಿಪೇರಿಯಾಗಿದೆ. ಅಣ್ಣ ಮೊದಲು ತಾನೂ ಸ್ವಲ್ಪ ನಕ್ಕ, ಬೇರೆಯವರು ನಕ್ಕರೆ ನಗುವವನು ಅವನು, ಇದ್ಯಾರೋ ಬಂದ್ಬಿಟ್ರಲ್ಲ ನಡುವೆ ಎಂದ. ಅವಳ ಬಾಯಿ ಒಣಗಿದೆ, ಮಧ್ಯಾಹ್ನ ಅಷ್ಟು ಎಂಜಲು ಎಲ್ಲಿತ್ತೋ. ಇರು ಎಂದ ಅಣ್ಣ, ಗಾಬರಿಯಾಗ್ಬೇಡ, ನಂಗೆ ಇದರ ಹಟ ಗೊತ್ತು, ಒಂದೊಂದ್ಸಲ ಮೂರನೇ ಸಲಕ್ಕೆ ಬರ್ತಾಳೆ. ಎರಡನೇ ಸಲ ಒತ್ತಿದ. ನಗು, ಅದೇ ನಗು, ಅವನು ತಲೆ ಓರೆ ಮಾಡಿಕೊಂಡು ಅಷ್ಟೂ ನಗುವನ್ನು ಮರ್ಯಾದೆಯಿಂದ ಕೊನೆಯವರೆಗೆ ಕೇಳಿದ, ಅದರ ಹಿಂದೆ ಯಾರಾದರೂ ನಿಂತಿರಬಹುದು ಎನ್ನುವಂತೆ. ಬರಲ್ಲ ಅಣ್ಣಾ. ನಾನೇ ಅಳಿಸ್ಬಿಟ್ಟೆ. ಇವರಿಗೆಲ್ಲ ತೋರ್ಸೋಕೆ ಹೋಗಿ ಅಳಿಸ್ಬಿಟ್ಟೆ. ಅತ್ತಿಗೆ ಇಲ್ಲ ಅದರಲ್ಲಿ. ಹೇಳಿದಳು, ಕೊನೆಗೂ ಹೇಳಿದಳು, ಮಾತು ಹೊರಗೆ ಬಂತು, ಬಂದರೂ ಎದೆ ಹಗುರವಾಗಲಿಲ್ಲ. ಅಣ್ಣ ಕೇಳಿದ, ಕೇಳಿಸಿತು, ಮುಖ ನೋಡಿದರೆ ಗೊತ್ತಾಗುತ್ತದೆ ಕೇಳಿಸಿತು ಎಂದು, ಹೂಂ ಎಂದ, ಬೆಳಿಗ್ಗೆ ಐದಕ್ಕೆ ಫ್ರಿಜ್ಜಿನ ಮುಂದೆ ನಿಂತು ಎನ್ನುವ ಅದೇ ಹೂಂ, ಬೈಯಲಿಲ್ಲ, ಏಳಲಿಲ್ಲ, ಡಬ್ಬಿ ಕೆಳಗಿಡಲಿಲ್ಲ, ಮೂರನೇ ಸಲಕ್ಕೆ ಹೆಬ್ಬೆರಳು ಗುಂಡಿಯ ಮೇಲೆ ಬಂದು ಕೂತಿದೆ, ಒತ್ತುತ್ತಲೂ ಇಲ್ಲ, ತೆಗೆಯುತ್ತಲೂ ಇಲ್ಲ, ಉಗುರಿನ ಅಂಚು ಕಪ್ಪು, ನಡುವೆ ಬೆಳ್ಳಗೆ, ಹೆಬ್ಬೆರಳು, ಗುಂಡಿಯ ಮೇಲೆ ಅಣ್ಣನ ಹೆಬ್ಬೆರಳು