ಹಳೇ ಕಾರಿನ ಜಾಹೀರಾತಿನಲ್ಲಿ ನಮ್ಮ ಮಾವ

ಬೀದರಿನ ಗಾಂಧಿ ಗಂಜ್ ಮಾರುಕಟ್ಟೆಗೆ ತೊಗರಿ ಹಾಕಿ ಬಂದ ನನ್ನ ಗಂಡ ಅಜಿಂಕ್ಯ ಫೋನಿನಲ್ಲಿ ಒಂದು ಚಿತ್ರ ತೋರಿಸಿದ. ಅಲ್ಲಿನ ಗೋಡೆಗೆ ಅಂಟಿಸಿದ್ದ ಜಾಹೀರಾತು: ಮದುವೆಗೆ ಹಳೇ ಕಾಲದ ಕಾರು ಬಾಡಿಗೆಗಿದೆ. ಅದರಲ್ಲಿದ್ದ ಫೋಟೋ ಕಂದು ಬಣ್ಣ, ಮಾಸಿದ ಅಂಚು, ನಿಜಾಮರ ಕಾಲದ್ದೇ ಅನ್ನಬೇಕು. ಕಾರಿಗೆ ಒರಗಿ, ಕೋಟು ತೊಟ್ಟು ನಿಂತವರು ತೀರಿಹೋದ ನಮ್ಮ ಮಾವ ವಸಂತರಾವ್. ಪಕ್ಕದಲ್ಲಿ ಗುಂಗುರು ಕೂದಲಿನ ಒಬ್ಬ ಹೆಂಗಸು.

ಮಾವ ಸೈಕಲ್ಲು ಬಿಟ್ಟು ಬೇರೇನನ್ನೂ ನಡೆಸಿದವರಲ್ಲ. ಅತ್ತೆ ವತ್ಸಲಾಬಾಯಿ ಚಿತ್ರವನ್ನು ದೊಡ್ಡದು ಮಾಡಿ ನೋಡಿ "ಈಕಿ ಯಾರು?" ಎಂದರು. ಆ ರಾತ್ರಿ ಊಟಕ್ಕೂ ಏಳಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಜಾಹೀರಾತಿನ ಮೂಲೆಯಲ್ಲಿ ಭಾಲ್ಕಿಯ ನಂದಕುಮಾರನ ಬ್ಯಾನರ್ ಅಂಗಡಿಯ ಹೆಸರಿತ್ತು. ಮಾವನ ಶ್ರದ್ಧಾಂಜಲಿ ಬ್ಯಾನರನ್ನೂ ನಮ್ಮ ಪಡಸಾಲೆಯ ಫೋಟೋವನ್ನೂ ಮಾಡಿಕೊಟ್ಟವನು ಅವನೇ. ಮರುದಿನ ಅತ್ತೆಯನ್ನು ಕರೆದುಕೊಂಡು ನಮ್ಮೂರು ಖಟಕ ಚಿಂಚೋಳಿಯಿಂದ ಭಾಲ್ಕಿಯ ಬಸ್ಸು ಹತ್ತಿದೆ.

"ತಪ್ಪಾಯ್ತ್ರಿ ವೈನಿ. ಹಳೇ ಮುಖ ಬೇಕಿತ್ತು, ಕಂಪ್ಯೂಟರದಾಗ ಇವರದಿತ್ತು, ಹಚ್ಚಿಬಿಟ್ಟೆ" ಎಂದ ನಂದಕುಮಾರ. "ಈ ಹೆಣ್ಮಗಳು ಅವರ ಬಾಜೂಕ ಎಂದೂ ನಿಂತಿಲ್ರಿ. ಎಲ್ಲಾ ಬ್ಯಾರೆಬ್ಯಾರೆ ಪದರು. ನೋಡ್ರಿ."

ಮೌಸ್ ಒತ್ತಿದ. ಹೆಂಗಸು ಹೋದಳು. ಕಾರು ಹೋಯಿತು, ಕೋಟೂ ಹೋಯಿತು. ಮಾವನ ಮುಖವೊಂದೇ ಉಳಿಯಿತು, ನಮ್ಮ ಪಡಸಾಲೆಯ ಫೋಟೋದಲ್ಲಿ ಇರುವಂತೆಯೇ. ಅತ್ತೆಯ ಮುಖ ಅರಳಿತು.

ಅಲ್ಲಿಗೇ ನಿಲ್ಲಿಸಬಾರದೇ ಪುಣ್ಯಾತ್ಮ? ಇನ್ನೊಮ್ಮೆ ಒತ್ತಿದ. ಮಾವನ ಕಣ್ಣುಗಳು ಹೋದವು.

"ಕಣ್ಣು ಎಲ್ಲಿ ಹೋದವಪ್ಪಾ?" ಎಂದರು ಅತ್ತೆ.

"ಅಜಿಂಕ್ಯಣ್ಣ ಕೊಟ್ಟ ಫೋಟೋ ಹುಳ ತಿಂದಿತ್ರಿ, ಬಾಯಾರ. ಕಣ್ಣಿನ ಜಾಗಾ ಖಾಲಿ ಇತ್ತು. ಆಗ ಬ್ಯಾರೆಯವರವು ಕೂಡ್ರಿಸಿದ್ದೆ ನೋಡ್ರಿ."

"ಯಾರವು?"

ಅವನು ತಲೆ ಕೆರೆದುಕೊಂಡ. "ನೆನಪಿಲ್ರಿ."

ಅವನನ್ನು ಬೈಯಬೇಕೋ, ಒಂದು ಮಾತೂ ಹೇಳದ ಗಂಡನನ್ನು ಬೈಯಬೇಕೋ ನನಗೆ ತಿಳಿಯಲಿಲ್ಲ. ಮಾವನದು ಮನೆಯಲ್ಲಿದ್ದದ್ದು ಪಡಸಾಲೆಯ ಆ ಫೋಟೋ ಒಂದೇ. ಅತ್ತೆ ದಿನಾ ಬೆಳಿಗ್ಗೆ ಅದರ ಮುಂದೆ ಕೂತು ಸುಖದುಃಖವನ್ನೆಲ್ಲ ಹೇಳಿಕೊಳ್ಳುತ್ತಿದ್ದರು.

ವಾಪಸು ಬರುವಾಗ ಬಸ್ಸಿನಲ್ಲಿ ಅವರೇ ಬಾಯಿ ಬಿಟ್ಟರು. "ಇವರು ಬದುಕಿದ್ದಾಗ ನನ್ನ ಕಡಿ ಎಂದೂ ಆ ಫೋಟೋದಾಗಿನಂಗ ಮೆತ್ತಗ ನೋಡಿದವರಲ್ಲ, ವೃಂದಾ. ಸತ್ತ ಮ್ಯಾಲ ಸುಧಾರಿಸ್ಯಾರ ಅನ್ಕೊಂಡಿದ್ದೆ."

ನಗಲೋ ಅಳಲೋ ಗೊತ್ತಾಗದೆ ಅವರ ಕೈ ಹಿಡಿದುಕೊಂಡೆ. "ಫೋಟೋ ಇಳಿಸಿಬಿಡ್ಲೇನ್ರಿ?"

"ಬ್ಯಾಡ" ಎಂದರು ತಟ್ಟನೆ.

ಮನೆಗೆ ಬಂದೆವು. ಪಡಸಾಲೆಗೆ ಕಾಲಿಡುವ ಮೊದಲು ಅತ್ತೆ ಹೊಸ್ತಿಲಲ್ಲೇ ನಿಂತು, ಹೊರಗಿನ ಗಂಡಸರು ಬಂದಾಗ ಎಳೆದುಕೊಳ್ಳುವ ಹಾಗೆ, ತಲೆಯ ಮೇಲೆ ಸೆರಗು ಎಳೆದುಕೊಂಡರು.