ಕೊನೆಯ ಹತ್ತಿಕಾಯಿ

ಶಿವಬಸವ್ವ ಗಂಡ ಮಡಿವಾಳಪ್ಪನ ಹಣೆಗೆ ಮೂರನೆಯ ವಿಭೂತಿ ಎಳೆ ಹಚ್ಚುತ್ತಿದ್ದಾಗ ಬಾಗಿಲಲ್ಲಿ ಎತ್ತಿನ ಚಕ್ಕಡಿ ಬಂದು ನಿಂತಿತು. ಚಿತ್ರಕಲೆಯ ಮಾಸ್ತರ ಗೌಸಮೊದ್ದೀನರು ಚಕ್ಕಡಿಯಲ್ಲಿ ಮೆತ್ತಗೆ ಹುಲ್ಲು ಹಾಸಿಕೊಂಡು, ಹೇಳಿದ ಹೊತ್ತಿಗೆ ಸರಿಯಾಗಿ ಮಣ್ಣಿನ ಮೂರ್ತಿಗಳನ್ನು ಒಯ್ಯಲು ಬಂದಿದ್ದರು. ನಸುಕಿನಲ್ಲಿ ಅವನು ಕಣ್ಣು ಮುಚ್ಚಿದ ಸುದ್ದಿ ಅವರಿಗೆ ಮುಟ್ಟಿರಲಿಲ್ಲ. ಗೋಡೆಗೆ ಒರಗಿಸಿ ಕೂರಿಸಿದ್ದ ಗೆಳೆಯನನ್ನು ಕಂಡು, ಚಪ್ಪಲಿ ಹೊಸ್ತಿಲಾಚೆ ಕಳಚಿ, ಎದುರಿಗೆ ಬಂದು ಕೂತರು.

ಲಕಮನಹಳ್ಳಿಯ ಆ ಮನೆಯ ನೆಲ ಇಳಿಜಾರು. ದೇಹ ವಾಲಬಾರದೆಂದು ನೆರೆಮನೆಯ ಫಕೀರವ್ವ ಮಣ್ಣಿನ ಗಿಡ್ಡ ಕಟ್ಟೆ ಕಟ್ಟಿ, ಅದರ ಮೇಲೆ ಕಾಲು ಮಡಿಸಿ ಕೂರಿಸಿದ್ದಳು. ಆಗ ಶಿವಬಸವ್ವನಿಗೆ ಮೈಮೇಲೆ ಎಚ್ಚರವೇ ಇರಲಿಲ್ಲ.

ಗೆಳೆಯರಿಬ್ಬರ ಮೂರ್ತಿ-ಚಿತ್ರಗಳ ಪ್ರದರ್ಶನ ಅಂದೇ ಸಂಜೆ ಧಾರವಾಡದ ಒಂದು ಸಾಲೆಯಲ್ಲಿ. ಸಾಲೆಯ ದೊಡ್ಡ ಕೋಣೆ ಸಿಕ್ಕಿದ್ದು ಆ ಒಂದು ದಿನಕ್ಕೆ; ಮರುದಿನದಿಂದ ಅಲ್ಲಿ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ. ಮಡಿವಾಳಪ್ಪನ ಅಣ್ಣ ಮುರುಗೆಪ್ಪ, ಇನ್ನೆಲ್ಲಿಯ ಪ್ರದರ್ಶನ, ಮುಂದಿನ ವರ್ಷ ನೋಡಿದರಾಯಿತು ಎಂದ.

"ಲಿಂಗ ಕಟ್ಟಿಕೊಂಡವರಿಗೆ ಸೂತಕಿಲ್ಲಂತ ಹೇಳಿಕೊಟ್ಟವರು ನೀವ, ಭಾವಾರ," ಎಂದಳು ಶಿವಬಸವ್ವ. "ಇವತ್ತ ಐದಕ್ಕ ಬಾಗಲಾ ತೆಗೀಬೇಕು."

ಮಂದಿಯ ಬಾಯಿಗೆ ಬೀಗ ಹಾಕಲಾದೀತೇ ಎಂದು ಮುರುಗೆಪ್ಪ ಗೊಣಗಿದ.

*

ಮಡಿವಾಳಪ್ಪ ಹತ್ತಿ ದಾಸ್ತಾನಿಡುವ ವಖಾರಿಯಲ್ಲಿ ತೂಕ ಹಾಕುವವನು. ಹನ್ನೆರಡು ವರ್ಷ ಪ್ರತಿ ಸಂಜೆ ಕೆರೆಮಣ್ಣು ಹಿಡಿದು ಕೂತ. ಶೇಂಗಾ, ಹೀರೇಕಾಯಿ, ಜೋಳದ ತೆನೆ, ಆಲದ ಬೇರು, ಎಲ್ಲವನ್ನೂ ತೋಳಿನಲ್ಲಿ ಅಪ್ಪಿ ಹಿಡಿಯುವಷ್ಟು ದೊಡ್ಡದಾಗಿ ಮಾಡುವನು. ಮಣ್ಣು ತುಳಿದು, ನಾದಿ ಕೊಡುವವಳು ಶಿವಬಸವ್ವ. ಭಾನುವಾರ ಗೌಸಮೊದ್ದೀನರು ಬಂದು, ಅವನು ಮಾಡಿದ್ದನ್ನು ಕಾಗದದ ಮೇಲೆ ಇದ್ದಿಲಿನಿಂದ ಬರೆಯುವರು. ಒಂದು ಮೂರ್ತಿಗೆ ಒಂದು ಚಿತ್ರ, ಇದು ಇಬ್ಬರ ಕರಾರು.

ಗಣಪ್ಪನನ್ನು ಮಾಡುವುದು ಬಿಟ್ಟು ಹೀರೇಕಾಯಿ ಮಾಡುತ್ತಾನೆಂದು ಊರು ನಕ್ಕಿತು. ಅವನೂ ನಗುತ್ತಿದ್ದ. ಹೋದ ವಾರ ಮಾತ್ರ, ಪ್ರದರ್ಶನದ ನಡುಮಧ್ಯೆ ಇಡಬೇಕಿದ್ದ, ಇನ್ನೂ ಒಣಗದ ಹತ್ತಿಕಾಯಿಗೆ ಹಸಿ ಗೋಣಿತಟ್ಟು ಹೊದಿಸುತ್ತ, ಹೆಂಡತಿಯ ಮುಖ ನೋಡದೆ ಹೇಳಿದ್ದ: "ಒಂದ ದಿನಾರ ಮಂದಿ ನೋಡ್ಲಿ. ಆಮ್ಯಾಲ ಒಡದ್ರೂ ಅಡ್ಡಿಯಿಲ್ಲ."

*

ಒಣಗಿದ ಮೂರ್ತಿಗಳೆಲ್ಲ ಚಕ್ಕಡಿ ಸೇರಿದವು. ಹತ್ತಿಕಾಯಿಗೆಂದು ಮೂಲೆಗೆ ಹೋದ ಗೌಸಮೊದ್ದೀನರಿಗೆ ಬರಿಯ ಗೋಣಿತಟ್ಟು ಸಿಕ್ಕಿತು.

"ಅದರಾಗ ನಾದಿದ ಮಣ್ಣಿನ ಮುದ್ದಿ ಇತ್ರಿ, ಮಾಸ್ತರ," ಎಂದಳು ಫಕೀರವ್ವ. "ಅದರಿಂದನ ಕಟ್ಟಿ ಕಟ್ಟೇನಿ."

ಎಲ್ಲರೂ ಮಡಿವಾಳಪ್ಪ ಕೂತಿದ್ದ ಕಟ್ಟೆಯನ್ನೇ ನೋಡಿದರು. ಆಗ ಅರ್ಥವಾಗಿ ಫಕೀರವ್ವ ಹಣೆ ಹಣೆ ಬಡಿದುಕೊಂಡಳು. ಶಿವಬಸವ್ವ ಮೂರು ಸಲ ತುಳಿದು ಹದ ಮಾಡಿದ ಮಣ್ಣು ಅದು. ಆದರೂ ಆಕೆ ಫಕೀರವ್ವನ ಕೈ ಹಿಡಿದು ನಿಲ್ಲಿಸಿ, "ಇರಲಿ ಬಿಡ ಯವ್ವಾ. ಅವರಿಗೇ ಆಸರಾತು," ಎಂದಳು.

ಮಧ್ಯಾಹ್ನ ಹೊಲದಲ್ಲಿ ತೋಡಿದ ಸಮಾಧಿಕುಣಿಯ ಗೂಡಿನೊಳಗೆ ಮಡಿವಾಳಪ್ಪನನ್ನು ಕೂರಿಸಿ, ಅಂಗೈಗೆ ಲಿಂಗ ಕೊಟ್ಟು, ಬಿಲ್ವಪತ್ರಿ ಹಾಕಿ ಮಣ್ಣು ಮಾಡಿ ಬಂದರು. ಮನೆ ಸಾರಿಸಬೇಕೆಂದು ಫಕೀರವ್ವ ಕಟ್ಟೆಗೆ ಸಲಿಕೆ ಎತ್ತಿದಳು. ಶಿವಬಸವ್ವ ತಡೆದಳು.

ಹಸಿಮಣ್ಣಿನಲ್ಲಿ ಮಡಿವಾಳಪ್ಪ ಕೂತ ಗುರುತು ಹಾಗೇ ಇತ್ತು. ಒಂದರ ಮೇಲೊಂದು ಮಡಿಸಿದ ಕಾಲು, ಎರಡು ಹಿಮ್ಮಡಿ, ಧೋತರದ ನಿರಿಗೆ. ಆಕೆ ಬಹಳ ಹೊತ್ತು ನೋಡಿದಳು. ಕಣ್ಣೀರು ಬಂತು, ಒರೆಸಿಕೊಂಡಳು.

"ಭಾವಾರ, ಬುಡಕ್ಕ ತಂತಿ ಹಾಕಿ ಕೊಯ್ರಿ. ಹಲಗಿ ಮ್ಯಾಲ ಎತ್ತಬೇಕು."

"ಎಲ್ಲಿಗೆ?"

"ಸಾಲಿಗೆ."

ಮುರುಗೆಪ್ಪ ಧೋತರ ಎತ್ತಿ ಕಟ್ಟಿ, ತಂತಿ ಎಳೆದು, ಹಲಗೆಯ ಒಂದು ಮಗ್ಗುಲು ಹಿಡಿದ.

ಐದಕ್ಕೆ ಬಾಗಿಲು ತೆರೆಯಿತು. ಹೀರೇಕಾಯಿ ನೋಡಿ ನಗಲು ಬಂದಿದ್ದ ಹತ್ತಿ ವ್ಯಾಪಾರಿಗಳು ಕಟ್ಟೆ ಇಟ್ಟಿದ್ದ ನಡುವಿನ ಮೇಜಿನ ಎದುರು ಬಂದು ದನಿ ತಗ್ಗಿಸಿದರು. ಗೋಡೆಯ ತುಂಬ ಚಿತ್ರಗಳು. ಹತ್ತಿಕಾಯಿಯ ಚಿತ್ರಕ್ಕೆಂದು ಬಿಟ್ಟಿದ್ದ, ಆ ಮೇಜಿನ ಹಿಂದಿನ ಜಾಗವಷ್ಟೇ ಖಾಲಿ. ಗೌಸಮೊದ್ದೀನರು ನೆಲದ ಮೇಲೆ ಕಾಗದ ಹಾಸಿ ಕೂತು, ಇದ್ದಿಲು ಹಿಡಿದು ಆ ಗುರುತನ್ನೇ ಬರೆಯತೊಡಗಿದರು. ಅವರು ಬರೆದು ಮುಗಿಸುವ ತನಕ ಮಣ್ಣು ಬಿರಿಯಬಾರದೆಂದು ಶಿವಬಸವ್ವ ಚಂಬು ಹಿಡಿದು ಪಕ್ಕದಲ್ಲಿ ನಿಂತಳು. ಹಿಮ್ಮಡಿಯ ಗುಳಿಯಲ್ಲಿ ನೀರು ನಿಲ್ಲದಂತೆ, ಅಂಚಿಗಷ್ಟೇ ಬೆರಳಿನಿಂದ ಚಿಮುಕಿಸುತ್ತಿದ್ದಳು.