ಹೆರಿಗೆ ಮನೆಯ ತೀರ್ಥ

ಹೇರೋಹಳ್ಳಿಯ ಮುನಿಲಕ್ಷ್ಮಮ್ಮನ ಮನೆಯಲ್ಲಿ ಹೆರಿಗೆ ಎಂದರೆ ಹಂಡೆಯಲ್ಲಿ ನೀರು ಕಾಯಿಸುವುದು, ಹಳೇ ಸೀರೆ ಒಗೆದಿಡುವುದು, ಮನೆದೇವತೆಯ ಮುಂದೆ ಒಂದು ಲೋಟ ಸಾರಾಯಿ ಇಡುವುದು. ಅದಕ್ಕೆ ಅಮ್ಮನ ತೀರ್ಥ ಎಂದು ಹೆಸರು. ಸೂಲಗಿತ್ತಿಯಾಗಲಿ, ಲೈಸೆನ್ಸು ಪಡೆದ ನರ್ಸಾಗಲಿ, ಅದನ್ನು ಕುಡಿದೇ ಬಸುರಿಯನ್ನು ಮುಟ್ಟಬೇಕು. ಹೆಸರು ಬದಲಾದರೆ ಸಾರಾಯಿ ನೀರಾಗುತ್ತದೆಯೇ? ಹಿರಿಯರ ಮುಂದೆ ಅದನ್ನು ಕೇಳುವವರಾರು?

ಹಿರಿ ಸೊಸೆಯ ಹೆರಿಗೆಗೆ ನರ್ಸ್ ನೀಲಗಂಗಮ್ಮ ಬಂದಿದ್ದಳು. ಸುತ್ತಲ ಹಳ್ಳಿಗಳಲ್ಲೆಲ್ಲ ಇದೇ ಮರ್ಯಾದೆ ನಡೆದು ಅವಳಿಗೆ ಕುಡಿತ ಅಂಟಿಕೊಂಡಿತ್ತು. ಅಂದು ಮುನಿಲಕ್ಷ್ಮಮ್ಮ ಕೊಟ್ಟ ಲೋಟವೂ ಅದರ ಜೊತೆ ಸೇರಿತು. ಮಗು ಹುಟ್ಟಿತು. ಬಾಣಂತಿಗೆ ರಕ್ತ ಹರಿಯುತ್ತಿದ್ದರೂ ನೀಲಗಂಗಮ್ಮ ಗೋಡೆಗೊರಗಿ ತೂಕಡಿಸುತ್ತಿದ್ದಳು. ಸೊಸೆ ಉಳಿಯಲಿಲ್ಲ. ಊರೆಲ್ಲ ನರ್ಸಿನ ಮೇಲೆ ಹರಿಹಾಯ್ದಿತು. ಲೋಟ ಕೊಟ್ಟ ಕೈಯ ಮಾತನ್ನು ಒಬ್ಬರೂ ಎತ್ತಲಿಲ್ಲ.

ಎರಡು ವರ್ಷದ ಮೇಲೆ ಕಿರಿ ಸೊಸೆ ಲಕ್ಷ್ಮಿದೇವಿಗೆ ನೋವು ಬಂತು. ಅವಳ ಗಂಡ ಬೈರಪ್ಪ ನರ್ಸನ್ನು ಕರೆತರಲು ರಾಜಾಜಿನಗರದ ಹೆರಿಗೆ ಆಸ್ಪತ್ರೆಗೆ ಗಾಡಿ ಕಟ್ಟಿದ. ಅಂದು ಬರಬಲ್ಲ ನರ್ಸು ಒಬ್ಬಳೇ ಇದ್ದಳು. ಗಾಡಿಯಿಂದ ಇಳಿದವಳು ಅದೇ ನೀಲಗಂಗಮ್ಮ.

"ನಿನ್ನ ಲೈಸೆನ್ಸು ಕಿತ್ಕೊಂಡ್ರು ಅಂದ್ರಲ್ಲ, ನರ್ಸಮ್ಮ?" ಎಂದಳು ಮುನಿಲಕ್ಷ್ಮಮ್ಮ.

"ಕಿತ್ಕೊಂಡ್ರು ಕಣಮ್ಮ. ವಿಚಾರಣೇಲಿ ತಪ್ಪು ಒಪ್ಕೊಂಡೆ. ಆಸ್ಪತ್ರೇಲಿಟ್ಟು ಕುಡಿತ ಬಿಡಿಸಿದ್ರು. ಆಮೇಲೆ ಒಂದು ವರ್ಷ ಹಿರೀ ನರ್ಸಿನ ಕಣ್ಣೆದುರೇ ಕೆಲಸ. ಈಗ ವಾಪಸ್ಸು ಕೊಟ್ಟಿದಾರೆ. ಇನ್ನೊಂದ್ಸಲ ತುಟಿಗೆ ಸೋಕಿದ್ರೆ ಜನ್ಮಕ್ಕೇ ಇಲ್ಲ."

ಮುನಿಲಕ್ಷ್ಮಮ್ಮ ಬೆರಗಾಗಿ ನಿಂತಳು. ಕೆಟ್ಟವರನ್ನು ಊರಾಚೆ ಹಾಕುವುದನ್ನು ಅವಳು ಕಂಡಿದ್ದಳು. ಶಿಕ್ಷೆ ಕೊಟ್ಟವರೇ ಆರೈಕೆಯನ್ನೂ ಮಾಡಿ, ಮತ್ತೆ ಕೆಲಸಕ್ಕೆ ನಿಲ್ಲಿಸುತ್ತಾರೆ ಎಂದು ಕೇಳಿದ್ದು ಇದೇ ಮೊದಲು.

ಅಷ್ಟರಲ್ಲಿ ಅವಳ ಭಾವ ಚಿಕ್ಕಹನುಮಯ್ಯ ಲೋಟ ಹಿಡಿದು ಬಂದ. "ಮೊದಲು ತೀರ್ಥ ತಗೋ."

"ದೇವರಿಗಿಟ್ಟಿದ್ದು ದೇವರಿಗೇ ಇರ್ಲಿ, ಯಜಮಾನ್ರೇ. ನನಗೆ ಬಿಸಿನೀರು, ಸೋಪು ಕೊಡಿ."

"ಹಿರೀಕರು ಮಾಡಿದ ಪದ್ಧತಿ ಇದು. ತೀರ್ಥ ಬ್ಯಾಡ ಅಂದ ಕೈ ನಮ್ಮನೆ ಹೆಣ್ಣನ್ನ ಮುಟ್ಟಕೂಡದು. ಕುಡಿ, ಇಲ್ಲಾ ಹೊರಡು."

ಒಳಗೆ ಲಕ್ಷ್ಮಿದೇವಿ ನರಳಿದಳು. ಸಾರಾಯಿಯ ವಾಸನೆ ನಡುಮನೆಯೆಲ್ಲ ತುಂಬಿತ್ತು. ನೀಲಗಂಗಮ್ಮನ ಕಣ್ಣು ಲೋಟದ ಮೇಲೇ ನೆಟ್ಟಿದ್ದನ್ನು ಮುನಿಲಕ್ಷ್ಮಮ್ಮ ಕಂಡಳು. ಆಸೆ ಇನ್ನೂ ಸತ್ತಿರಲಿಲ್ಲ. ಆದರೂ ಆ ಹೆಣ್ಣು ಲೋಟದ ಕಡೆ ಕೈ ಚಾಚಲಿಲ್ಲ.

"ಕುಡಿಯಲ್ಲ, ಹೋಗೋದೂ ಇಲ್ಲ. ಜಗಲಿ ಮೇಲೆ ಕೂತಿರ್ತೀನಿ. ಯಾರಾದ್ರೂ ಹೆರಿಗೆ ಕೋಣೆ ಬಾಗಿಲು ತೆಗೆದ್ರೆ ಒಳಗೆ ಬರ್ತೀನಿ."

ಹಬ್ಬದಲ್ಲಿ ಮೈಮೇಲೆ ದೇವರು ಬಂದವರನ್ನು ಮುನಿಲಕ್ಷ್ಮಮ್ಮ ಎಷ್ಟೋ ನೋಡಿದ್ದಳು. ಅವರ ಮುಂದೆಯೂ ಅವಳ ಮೈ ಹೀಗೆ ಜುಮ್ಮೆಂದಿರಲಿಲ್ಲ. ಅವಳು ಭಾವನ ಕೈಯಿಂದ ಲೋಟ ತೆಗೆದುಕೊಂಡು ಅಂಗಳಕ್ಕೆ ಚೆಲ್ಲಿದಳು.

"ದೇವಿ ಮುನಿದ್ರೆ?" ಎಂದ ಚಿಕ್ಕಹನುಮಯ್ಯ.

"ಮುನಿದ್ರೆ ನನ್ನ ಮ್ಯಾಲೆ ಮುನೀಲಿ, ಭಾವ. ಅವತ್ತು ಲೋಟ ಕೊಟ್ಟೋಳು ನಾನು. ಶಿಕ್ಷೆ ಉಂಡೋಳು ಇವಳೊಬ್ಬಳೇ. ಬಲಿ ಕೊಡೋಕೆ ನನ್ನ ಹತ್ರ ಇನ್ನೊಬ್ಬ ಸೊಸೆ ಇಲ್ಲ."

ಬಿಸಿನೀರನ್ನು ಅವಳೇ ಹೊತ್ತು ತಂದಳು.

ಹೊತ್ತು ಮುಳುಗುವ ಮೊದಲು ಗಂಡುಮಗು ಅತ್ತಿತು. ಬಾಣಂತಿ ಗಂಜಿ ಕೇಳಿದಳು. ಮತ್ತೆ ರಕ್ತ ಹರಿದೀತೆಂದು ನೀಲಗಂಗಮ್ಮ ಅವಳ ಹೊಟ್ಟೆಯ ಮೇಲೆ ಕೈಯಿಟ್ಟು ಕಾಯುತ್ತ ಕೂತೇ ಇದ್ದಳು. ಬಾಗಿಲಲ್ಲಿ ನಿಂತ ಮುನಿಲಕ್ಷ್ಮಮ್ಮ, ದೇವರಿಗಲ್ಲದೆ ಯಾರಿಗೂ ಮುಗಿಯದ ಕೈಗಳನ್ನು ಅವಳಿಗೆ ಮುಗಿದಳು. ನೀಲಗಂಗಮ್ಮ ಅದನ್ನು ನೋಡಲಿಲ್ಲ. ಅವಳ ಕಣ್ಣು ಬಾಣಂತಿಯ ಮೇಲಿಂದ ಕದಲಿರಲಿಲ್ಲ.